ಹತ್ತನೆಯವರು ಬರಬೇಕು: ಯಹೂದಿ ಸಭೆಯ ಜೊತೆ ಹುಟ್ಟಿನಿಂದ ಸಾವಿನ ತನಕ

ಹೋದ ತಿಂಗಳು ನ್ಯೂಜೆರ್ಸಿಯಿಂದ ನನ್ನ ತಂಗಿ ಫೋನ್ ಮಾಡಿದ್ದಳು. ಅವಳ ಮಗನ ಕ್ಲಾಸಿನ ಹುಡುಗನೊಬ್ಬನ ಬಾರ್ ಮಿಟ್ಸ್ವಾಗೆ ಕರೆ ಬಂದಿತ್ತು. ಹದಿಮೂರು ತುಂಬಿದ ಯಹೂದಿ ಹುಡುಗನಿಗೆ ಮಾಡುವ ಸಮಾರಂಭ ಅದು. ಶನಿವಾರ ಬೆಳಿಗ್ಗೆ, ಅವರು ಪ್ರಾರ್ಥನೆಗೆ ಸೇರುವ ಸಿನಗಾಗ್‌ನಲ್ಲಿ. "ಅಕ್ಕಾ, ಇದು ನಮ್ಮ ಮುಂಜಿ ಥರಾನಾ? ನಮ್ಮನ್ನೆಲ್ಲ ಒಳಗೆ ಬಿಡ್ತಾರಾ? ಏನು ಕೊಡೋದು?" ಅಂತ ಒಂದೇ ಉಸಿರಿಗೆ ಕೇಳಿದಳು. ಅಮೆರಿಕದಲ್ಲಿ, ಲಂಡನ್ನಿನಲ್ಲಿ ಇರುವ ಎಷ್ಟೋ ಕನ್ನಡದ ಮನೆಗಳಿಗೆ ಮಕ್ಕಳು ಏಳನೇ ಕ್ಲಾಸಿಗೆ ಬರುವ ಹೊತ್ತಿಗೆ ಇಂಥ ಕರೆ ಬರುತ್ತದೆ.

ಮೂರು ಪ್ರಶ್ನೆಗೂ ಚುಟುಕಾಗಿ ಉತ್ತರ ಹೇಳಿದೆ. ಆದರೆ ಆ ಒಂದು ಬೆಳಗ್ಗೆಯನ್ನು ಮಾತ್ರ ನೋಡಿದರೆ ಏನೂ ತಿಳಿಯುವುದಿಲ್ಲ. ಹುಡುಗ ವೇದಿಕೆ ಹತ್ತಿ ಕೆಲವು ನಿಮಿಷ ಹೀಬ್ರೂ ಓದುತ್ತಾನೆ, ಅಷ್ಟೇ. ಎದುರಿಗೆ ಕೂತವರು ಯಾರು? ಅವನು ಕೈಗೂಸಾಗಿದ್ದಾಗ ಹೆಸರಿಡಲು ಬಂದವರು ಅವರೇ. ನಾಳೆ ಅವರ ಮನೆಯಲ್ಲಿ ಸಾವಾದರೆ ಅವನು ಹೋಗಿ ನಿಲ್ಲಬೇಕು. ಈ ಲೆಕ್ಕ ತಿಳಿದರೆ ಬಾರ್ ಮಿಟ್ಸ್ವಾ ತಾನಾಗಿಯೇ ತಿಳಿಯುತ್ತದೆ.

## ಸಿನಗಾಗ್ ಅಂದರೆ ಸೇರುವ ಮನೆ

ಸಿನಗಾಗ್ ಅನ್ನುವುದು ಗ್ರೀಕ್ ಮೂಲದ ಪದ. ಸೇರುವುದು ಅಂತ ಅರ್ಥ. ಹೀಬ್ರೂವಿನಲ್ಲಿ 'ಬೇತ್ ಕ್ನೆಸ್ಸೆತ್' ಅನ್ನುತ್ತಾರೆ, ಅಂದರೆ ಜನ ಸೇರುವ ಮನೆ. ಇಸ್ರೇಲಿನ ಸಂಸತ್ತಿಗೆ ಇರುವ ಹೆಸರೂ ಕ್ನೆಸ್ಸೆತ್ತೇ. ಅಲ್ಲಿ ಸೇರುವ ಜನರನ್ನು 'ಕೆಹಿಲ್ಲಾ' ಅಂತ ಕರೆಯುತ್ತಾರೆ. ನಮ್ಮ ಕಡೆ ಕ್ರೈಸ್ತರು 'ಸಭೆ' ಅನ್ನುತ್ತಾರಲ್ಲ, ಆ ಅರ್ಥದಲ್ಲಿ ನಾನೂ ಇಲ್ಲಿ ಸಭೆ ಅಂತಲೇ ಬರೆಯುತ್ತೇನೆ.

ಹೆಸರಿನಲ್ಲಿ ದೇವರಿಲ್ಲ, ಜನ ಇದ್ದಾರೆ. ಇದಕ್ಕೆ ಕಾರಣ ಇದೆ. ಯಹೂದಿಗಳಿಗೆ ಹಿಂದೆ ಜೆರುಸಲೇಮಿನಲ್ಲಿ ಒಂದು ದೊಡ್ಡ ದೇವಾಲಯ ಇತ್ತು. ಬಲಿ, ನೈವೇದ್ಯ, ಪುರೋಹಿತರು ಎಲ್ಲ ಅಲ್ಲಿ. ಕ್ರಿ.ಶ. 70ರಲ್ಲಿ ರೋಮನ್ನರು ಅದನ್ನು ಕೆಡವಿದರು. ಆಮೇಲೆ ಬಲಿ ನಿಂತಿತು. ಅದರ ಜಾಗಕ್ಕೆ ಪ್ರಾರ್ಥನೆ ಮತ್ತು ಓದು ಬಂದವು. ಜನ ಎಲ್ಲಿ ಸೇರುತ್ತಾರೋ ಅಲ್ಲೇ ಪ್ರಾರ್ಥನೆ ಅಂತಾಯಿತು. ಬಾಡಿಗೆ ಕೋಣೆಯಾದರೂ ಆಗುತ್ತದೆ.

ಒಳಗೆ ಮೂರ್ತಿ, ಚಿತ್ರಪಟ ಇರುವುದಿಲ್ಲ. ಜೆರುಸಲೇಮಿನ ದಿಕ್ಕಿನ ಗೋಡೆಯಲ್ಲಿ ಒಂದು ಕಪಾಟು ಇರುತ್ತದೆ. ಭಾರತದಲ್ಲಿ ಅದು ಪಶ್ಚಿಮಕ್ಕೆ. ಅದರ ಮುಂದೆ ನಂದಾದೀಪ. ಕಪಾಟಿನೊಳಗೆ ಟೋರಾ ಸುರುಳಿಗಳು. ಟೋರಾ ಅಂದರೆ ಮೋಶೆಯ ಐದು ಗ್ರಂಥಗಳು. ಇದನ್ನು ಅಚ್ಚು ಹಾಕುವ ಹಾಗಿಲ್ಲ. ಹದ ಮಾಡಿದ ಚರ್ಮದ ಮೇಲೆ ಗರಿ ಲೇಖನಿಯಲ್ಲಿ ಕೈಯಿಂದಲೇ ಬರೆಯಬೇಕು. ಒಟ್ಟು 3,04,805 ಅಕ್ಷರ. ಬರೆದು ಮುಗಿಸಲು ಸುಮಾರು ಒಂದು ವರ್ಷ ಹಿಡಿಯುತ್ತದೆ. ಒಂದು ಅಕ್ಷರ ಅಳಿಸಿಹೋದರೂ ತಿದ್ದುವ ತನಕ ಆ ಸುರುಳಿಯನ್ನು ಸಭೆಯಲ್ಲಿ ಓದುವುದಿಲ್ಲ.

ಇನ್ನು ರಬ್ಬಿ. ಇವರನ್ನು ಪೂಜಾರಿ ಅಂದುಕೊಳ್ಳುವುದು ತಪ್ಪು. ರಬ್ಬಿ ಅಂದರೆ 'ನನ್ನ ಗುರು'. ಅವರ ಕೆಲಸ ಕಲಿಸುವುದು, ಧರ್ಮದ ಕಟ್ಟಳೆ ಬಗ್ಗೆ ಸಂಶಯ ಬಂದರೆ ಬಗೆಹರಿಸುವುದು. ಪ್ರಾರ್ಥನೆ ನಡೆಸಲು ರಬ್ಬಿಯೇ ಬೇಕಿಲ್ಲ. ಓದು ಬರುವ ಸಭೆಯ ಯಾರಾದರೂ ನಡೆಸಬಹುದು. ಆದರೆ ಬೇರೆ ಒಂದು ಬೇಕೇ ಬೇಕು.

## ಹತ್ತರ ಲೆಕ್ಕ

ಅದು ಹತ್ತು ಜನ. ಹೀಬ್ರೂವಿನಲ್ಲಿ 'ಮಿನ್ಯಾನ್'. ಎಣಿಕೆ ಅಂತಲೇ ಆ ಪದದ ಅರ್ಥ.

ಮನೆಯಲ್ಲಿ ಒಬ್ಬರೇ ಪ್ರಾರ್ಥನೆ ಮಾಡಲು ಅಡ್ಡಿಯಿಲ್ಲ. ಆದರೆ ಟೋರಾ ಸುರುಳಿ ಬಿಚ್ಚಿ ಸಭೆಯಲ್ಲಿ ಓದಬೇಕಾದರೆ ಹದಿಮೂರು ತುಂಬಿದ ಹತ್ತು ಯಹೂದಿಗಳು ಅಲ್ಲಿರಬೇಕು. ತೀರಿಕೊಂಡವರಿಗಾಗಿ ಹೇಳುವ 'ಕದ್ದಿಶ್' ಪ್ರಾರ್ಥನೆಗೂ ಹತ್ತು ಜನ ಬೇಕು. ಮದುವೆಯ ಏಳು ಆಶೀರ್ವಾದಕ್ಕೂ ಹತ್ತು. ಒಂಬತ್ತು ಜನ ಇದ್ದರೆ ಕಾಯುತ್ತಾರೆ. ಬೀದಿಗೆ ಹೋಗಿ ಯಾರಾದರೂ ಸಿಗುತ್ತಾರಾ ನೋಡುತ್ತಾರೆ. ಗುರುತಿದ್ದವರಿಗೆ ಫೋನ್ ಮಾಡುತ್ತಾರೆ.

ಹತ್ತೇ ಯಾಕೆ? ಟೋರಾದಲ್ಲಿ ಒಂದು ಕತೆ ಇದೆ. ಕಾನಾನ್ ದೇಶ ನೋಡಿ ಬರಲು ಮೋಶೆ ಹನ್ನೆರಡು ಜನರನ್ನು ಕಳಿಸುತ್ತಾನೆ. ಇಬ್ಬರು ಬಂದು ಒಳ್ಳೆಯ ಮಾತು ಹೇಳುತ್ತಾರೆ, ಉಳಿದ ಹತ್ತು ಜನ ಹೆದರಿಸುತ್ತಾರೆ. ಆ ಹತ್ತು ಜನರನ್ನು ಗ್ರಂಥ 'ಸಭೆ' ಅನ್ನುತ್ತದೆ. ಹಾಗಾಗಿ ಸಭೆ ಅಂದರೆ ಕಡಿಮೆಯೆಂದರೆ ಹತ್ತು ಅಂತ ಹಿಂದಿನ ಗುರುಗಳು ತೀರ್ಮಾನ ಮಾಡಿದರು. ಅಲ್ಲಿ ಎಣಿಕೆಗೆ ಸಿಕ್ಕವರು ತಪ್ಪು ಮಾಡಿದವರು ಅನ್ನುವುದನ್ನು ಗಮನಿಸಿ. ಒಳ್ಳೆಯವನಾ, ಓದಿದವನಾ, ದುಡ್ಡಿದ್ದವನಾ ಅಂತ ಯಾರೂ ಕೇಳುವುದಿಲ್ಲ. ಪೂರ್ವ ಯುರೋಪಿನ ಯಹೂದಿಗಳಲ್ಲಿ ಒಂದು ಗಾದೆ ಇದೆ: ಒಂಬತ್ತು ರಬ್ಬಿಗಳು ಸೇರಿದರೂ ಮಿನ್ಯಾನ್ ಆಗುವುದಿಲ್ಲ, ಹತ್ತು ಚಪ್ಪಲಿ ಹೊಲಿಯುವವರು ಸೇರಿದರೆ ಆಗುತ್ತದೆ.

"ಹೊರೋಕೆ ನಾಲ್ಕು ಜನ ಬೇಕಲ್ವಾ" ಅಂತ ನಮ್ಮಲ್ಲಿ ಹಿರಿಯರು ಹೇಳುತ್ತಾರೆ. ಊರವರ ಜೊತೆ ಚೆನ್ನಾಗಿರು ಅನ್ನುವುದಕ್ಕೆ ಆ ಮಾತು. ಯಹೂದಿಗಳಿಗೆ ಆ ನಾಲ್ಕು ಹತ್ತಾಗಿದೆ. ಅದೂ ಕೊನೆಯ ದಿನಕ್ಕೆ ಮಾತ್ರ ಅಲ್ಲ. ದಿನಾ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮೂರು ಪ್ರಾರ್ಥನೆಗೂ ಬೇಕು.

ಹೆಂಗಸರು ಈ ಹತ್ತರಲ್ಲಿ ಸೇರುತ್ತಾರಾ? ಅದು ಯಾವ ಪಂಥ ಅನ್ನುವುದರ ಮೇಲೆ ಹೋಗುತ್ತದೆ. ಆರ್ಥೊಡಾಕ್ಸ್ ಅಂದರೆ ಹಳೆಯ ಸಂಪ್ರದಾಯದವರು ಗಂಡಸರನ್ನು ಮಾತ್ರ ಎಣಿಸುತ್ತಾರೆ. ರಿಫಾರ್ಮ್ ಪಂಥದವರು ಇಬ್ಬರನ್ನೂ ಎಣಿಸುತ್ತಾರೆ. ಕನ್ಸರ್ವೇಟಿವ್ ಪಂಥದ ಹೆಚ್ಚಿನ ಸಭೆಗಳಲ್ಲೂ ಈಗ ಹಾಗೆಯೇ.

## ಎಂಟನೆಯ ದಿನ ಒಂದು ಹೆಸರು

ಗಂಡುಮಗು ಹುಟ್ಟಿದ ಎಂಟನೆಯ ದಿನ ಸುನ್ನತಿ. ಅಬ್ರಹಾಮ ದೇವರ ಜೊತೆ ಮಾಡಿಕೊಂಡ ಒಪ್ಪಂದದ ಗುರುತು ಅದು. ಆ ದಿನ ಒಂದು ಕುರ್ಚಿ ಖಾಲಿ ಬಿಡುತ್ತಾರೆ, ಎಲಿಯಾ ಪ್ರವಾದಿಗೆ ಅಂತ. ಎಲ್ಲ ಮನೆಗೂ ಅವನು ಬಂದು ಕೂರುತ್ತಾನೆ ಅನ್ನುವ ನಂಬಿಕೆ. ಹೆಣ್ಣುಮಗುವಾದರೆ ಸಾಮಾನ್ಯವಾಗಿ ಟೋರಾ ಓದುವ ದಿನ ಸಿನಗಾಗ್‌ನಲ್ಲಿ ಹೆಸರು ಹೇಳಿ ಹರಸುತ್ತಾರೆ.

ಇಲ್ಲಿ ಇಡುವುದು ಹೀಬ್ರೂ ಹೆಸರು. ಶಾಲೆಯಲ್ಲಿ, ಪಾಸ್‌ಪೋರ್ಟಿನಲ್ಲಿ ಬೇರೆ ಹೆಸರು ಇರಬಹುದು. ಈ ಹೆಸರು ಸಭೆಯೊಳಗಿನದು: 'ಇಂಥವರ ಮಗ ಇಂಥವನು', 'ಇಂಥವರ ಮಗಳು ಇಂಥವಳು' ಅಂತ. ಟೋರಾ ಓದಿಗೆ ಕರೆಯುವಾಗ, ಮದುವೆಯ ಪತ್ರದಲ್ಲಿ, ಕೊನೆಗೆ ಸಮಾಧಿಯ ಕಲ್ಲಿನ ಮೇಲೆ ಇದೇ ಹೆಸರು. ಕಾಯಿಲೆ ಬಿದ್ದಾಗ ಸಭೆಯಲ್ಲಿ ಗುಣವಾಗಲಿ ಅಂತ ಬೇಡುತ್ತಾರೆ. ಆಗ ಮಾತ್ರ ಅಪ್ಪನ ಬದಲು ಅಮ್ಮನ ಹೆಸರು ಸೇರಿಸಿ ಹೇಳುವುದು ರೂಢಿ. ಈ ವಿವರ ನನಗೆ ತುಂಬ ಹಿಡಿಸಿತು.

ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವುದು ಅವರಲ್ಲೂ ಇದೆ. ಆದರೆ ಯುರೋಪಿನ ಅಶ್ಕೆನಾಜಿ ಯಹೂದಿಗಳು ಬದುಕಿರುವ ಹಿರಿಯರ ಹೆಸರು ಇಡುವುದಿಲ್ಲ, ತೀರಿಕೊಂಡವರದು ಮಾತ್ರ. ಸ್ಪೇನ್, ಪೋರ್ಚುಗಲ್ ಮೂಲದ ಸೆಫಾರ್ದಿ ಯಹೂದಿಗಳು ಬದುಕಿರುವ ಅಜ್ಜ-ಅಜ್ಜಿಯ ಹೆಸರನ್ನೂ ಸಂತೋಷದಿಂದ ಇಡುತ್ತಾರೆ.

## ಹದಿಮೂರು ಅಂದರೆ ಎಣಿಕೆಗೆ ಸಿಕ್ಕ ದಿನ

ಈಗ ತಂಗಿಯ ಪ್ರಶ್ನೆ. ಮುಂಜಿ ಥರಾನಾ? ಸ್ವಲ್ಪ ಹೌದು, ಸ್ವಲ್ಪ ಅಲ್ಲ. ಮುಂಜಿಯಲ್ಲಿ ಸಂಸ್ಕಾರ ಆಗಲೇಬೇಕು, ಆಮೇಲೆಯೇ ಗಾಯತ್ರಿಯ ಅಧಿಕಾರ. ಬಾರ್ ಮಿಟ್ಸ್ವಾಗೆ ಹಾಗಿಲ್ಲ. 'ಧರ್ಮದ ಕಟ್ಟಳೆಗೆ ಒಳಪಟ್ಟ ಮಗ' ಅಂತ ಆ ಪದದ ಅರ್ಥ. ಹದಿಮೂರು ತುಂಬಿದ ದಿನ ಹುಡುಗ ಏನೂ ಮಾಡದೆ ಸುಮ್ನೆ ಮನೆಯಲ್ಲಿದ್ದರೂ ಬಾರ್ ಮಿಟ್ಸ್ವಾ ಆಗಿಬಿಡುತ್ತಾನೆ. ಹುಡುಗಿ ಹನ್ನೆರಡಕ್ಕೆ ಬಾತ್ ಮಿಟ್ಸ್ವಾ. ಕೆಲವು ಸಭೆಗಳಲ್ಲಿ ಅವಳಿಗೂ ಹದಿಮೂರು.

ಸಮಾರಂಭದಲ್ಲಿ ಸಭೆಗೆ ಅದು ಗೊತ್ತಾಗುತ್ತದೆ, ಅಷ್ಟೇ. ಹುಡುಗನನ್ನು ಹೀಬ್ರೂ ಹೆಸರು ಹಿಡಿದು ವೇದಿಕೆಗೆ ಕರೆಯುತ್ತಾರೆ. ಅವನು ಆ ವಾರದ ಭಾಗವನ್ನು ಓದುತ್ತಾನೆ. ಟೋರಾವನ್ನು 54 ಭಾಗ ಮಾಡಿ ಒಂದು ವರ್ಷದಲ್ಲಿ ಓದಿ ಮುಗಿಸುತ್ತಾರೆ. ಮುಗಿದ ದಿನವೇ ಮತ್ತೆ ಮೊದಲಿಂದ ಶುರು. ಸುರುಳಿಯಲ್ಲಿ ಸ್ವರಚಿಹ್ನೆ ಇರುವುದಿಲ್ಲ, ವ್ಯಂಜನ ಮಾತ್ರ. ನಿಲ್ಲಿಸುವ ಗುರುತಿಲ್ಲ, ರಾಗದ ಗುರುತಿಲ್ಲ. 'ಮರ' ಅನ್ನುವುದನ್ನು 'ಮ್ ರ್' ಅಂತ ಬರೆದರೆ ಅದು ಮರವಾ, ಮಾರಿಯಾ, ಮೂರಾ ಅಂತ ನೀವೇ ನೆನಪಿಟ್ಟುಕೊಳ್ಳಬೇಕು, ಮೇಲೆ ರಾಗದಲ್ಲೂ ಹೇಳಬೇಕು. ಅದಕ್ಕೇ ಮಕ್ಕಳು ತಿಂಗಳುಗಟ್ಟಲೆ ಅಭ್ಯಾಸ ಮಾಡುತ್ತಾರೆ. ಚರ್ಮಕ್ಕೆ ಬೆರಳು ತಾಗಬಾರದು. ಹಾಗಾಗಿ ಪುಟ್ಟ ಕೈಯ ಆಕಾರದ ಬೆಳ್ಳಿ ಕಡ್ಡಿ ಹಿಡಿದು ಸಾಲು ತೋರಿಸಿಕೊಂಡು ಓದುತ್ತಾರೆ.

ಓದು ಮುಗಿದ ಮೇಲೆ ಅಪ್ಪ ಒಂದು ಮಾತು ಹೇಳುವ ಪದ್ಧತಿ ಇದೆ: ಇವನ ತಪ್ಪಿಗೆ ನಾನು ಶಿಕ್ಷೆ ಹೊರುವುದರಿಂದ ಬಿಡುಗಡೆ ಕೊಟ್ಟ ದೇವರಿಗೆ ವಂದನೆ. ಅಂದರೆ ಇನ್ನು ಮುಂದೆ ಅವನ ಲೆಕ್ಕ ಅವನದೇ. ನಾಳೆ ಬೆಳಿಗ್ಗೆ ಒಂಬತ್ತು ಜನ ಕಾಯುತ್ತಿದ್ದರೆ ಈ ಹುಡುಗ ಹೋಗಿ ನಿಂತರೆ ಸಾಕು, ಪ್ರಾರ್ಥನೆ ಶುರುವಾಗುತ್ತದೆ. ಎಂಬತ್ತು ವರ್ಷದ ಮುದುಕರು ಒಬ್ಬ ಹದಿಮೂರರ ಹುಡುಗನಿಗಾಗಿ ಕಾಯುವುದು ನಿಜವಾಗಲೂ ನಡೆಯುತ್ತದೆ.

ಹುಡುಗಿಯರಿಗೆ ಈ ವೇದಿಕೆ ಸಿಕ್ಕಿದ್ದು ಇತ್ತೀಚೆಗೆ. ಅಮೆರಿಕದಲ್ಲಿ ಮೊದಲ ಬಾತ್ ಮಿಟ್ಸ್ವಾ ಅಂತ ಹೇಳುವುದು 1922ರಲ್ಲಿ ನ್ಯೂಯಾರ್ಕಿನಲ್ಲಿ ಆದ ಜುಡಿತ್ ಕಪ್ಲಾನ್ ಅವರದನ್ನು. ಅವರ ಅಪ್ಪ ಮೊರ್ಡೆಕೈ ಕಪ್ಲಾನ್ ರಬ್ಬಿಯಾಗಿದ್ದರು. ಇನ್ನೊಂದು ಚಂದದ ರೂಢಿ ಇದೆ. ಮನುಷ್ಯನ ಆಯಸ್ಸು ಎಪ್ಪತ್ತು ಅಂತ ಕೀರ್ತನೆಗಳಲ್ಲಿ ಹೇಳಿದೆ. ಎಪ್ಪತ್ತಕ್ಕೆ ಹೊಸ ಲೆಕ್ಕ ಶುರು ಮಾಡಿ, ಅದಕ್ಕೆ ಹದಿಮೂರು ಸೇರಿಸಿ, 83ಕ್ಕೆ ಎರಡನೇ ಬಾರ್ ಮಿಟ್ಸ್ವಾ ಮಾಡಿಕೊಳ್ಳುವವರು ಇದ್ದಾರೆ. ನಮ್ಮ ಸಹಸ್ರ ಚಂದ್ರ ದರ್ಶನ ಶಾಂತಿಯೂ ಹತ್ತಿರ ಹತ್ತಿರ ಅದೇ ವಯಸ್ಸಿಗೆ ಬರುತ್ತದೆ.

## ಹುಂಡಿ ಯಾಕಿಲ್ಲ?

ಇದನ್ನು ಬೇಗ ಹೇಳಿಬಿಡುತ್ತೇನೆ. ಶಬ್ಬಾತ್ ಅಂದರೆ ಶುಕ್ರವಾರ ಸೂರ್ಯ ಮುಳುಗುವುದರಿಂದ ಶನಿವಾರ ರಾತ್ರಿ ತನಕ. ಆಗ ಕೆಲಸ ಮಾಡುವ ಹಾಗಿಲ್ಲ, ಸಂಪ್ರದಾಯಸ್ಥರು ದುಡ್ಡನ್ನೂ ಮುಟ್ಟುವುದಿಲ್ಲ. ಜನ ಜಾಸ್ತಿ ಸೇರುವ ದಿನವೇ ದುಡ್ಡು ಮುಟ್ಟುವ ಹಾಗಿಲ್ಲ ಅಂದಮೇಲೆ ಹುಂಡಿ ಇಟ್ಟು ಏನು ಪ್ರಯೋಜನ? ಹಾಗಾಗಿ ಅಮೆರಿಕದ ಸಭೆಗಳು ವರ್ಷಕ್ಕೆ ಇಷ್ಟು ಅಂತ ಸದಸ್ಯತ್ವದ ಚಂದಾ ತೆಗೆದುಕೊಳ್ಳುತ್ತವೆ. ಈಚೆಗೆ ಕೆಲವು ಕಡೆ 'ನಿಮ್ಮ ಕೈಲಾದಷ್ಟು ಬರೆಸಿ' ಅನ್ನುವ ಪದ್ಧತಿಯೂ ಬಂದಿದೆ. ಜರ್ಮನಿಯಲ್ಲಿ ಸಭೆಯ ಪಾಲನ್ನು ಆದಾಯ ತೆರಿಗೆಯ ಜೊತೆ ಸರ್ಕಾರವೇ ವಸೂಲು ಮಾಡಿ ಕೊಡುವ ವ್ಯವಸ್ಥೆ ಇದೆ.

ಆರ್ಥೊಡಾಕ್ಸ್ ಕುಟುಂಬಗಳು ಶಬ್ಬಾತ್ ದಿನ ಕಾರನ್ನೂ ಓಡಿಸುವುದಿಲ್ಲ. ಅದಕ್ಕೇ ಸಿನಗಾಗ್‌ಗೆ ನಡೆದು ಹೋಗುವ ದೂರದಲ್ಲೇ ಮನೆ ಹುಡುಕುತ್ತಾರೆ. ಸಭೆಯವರೇ ಅಕ್ಕಪಕ್ಕದವರೂ ಆಗಿಬಿಡುತ್ತಾರೆ.

## ಟಿಪ್ಪುವಿನ ಸೆರೆಯಿಂದ ಮುಂಬೈಗೆ

ಇದೆಲ್ಲ ದೂರದ ದೇಶದ ಮಾತು ಅಂತ ಅನ್ನಿಸಬಹುದು. ಆದರೆ ನಮ್ಮ ಪಕ್ಕದ ಕೊಂಕಣದಲ್ಲೇ ಯಹೂದಿಗಳು ನೂರಾರು ವರ್ಷ ಬಾಳಿದ್ದಾರೆ. ಬೆನೆ ಇಸ್ರೇಲ್ ಅಂತ ಅವರ ಹೆಸರು. ಮಾತು ಮರಾಠಿ. ಊರಿನ ಹೆಸರಿಗೆ 'ಕರ್' ಸೇರಿಸಿದ ಅಡ್ಡಹೆಸರುಗಳು. ಗಾಣದಲ್ಲಿ ಎಣ್ಣೆ ತೆಗೆಯುವುದು ಕಸುಬು. ಶನಿವಾರ ಗಾಣ ತಿರುಗಿಸುತ್ತಿರಲಿಲ್ಲ, ಹಾಗಾಗಿ ಊರವರು ಅವರನ್ನು 'ಶನಿವಾರ ತೇಲಿ' ಅಂತ ಕರೆದರು.

ಬಹಳ ಕಾಲ ಅವರಿಗೆ ಸಿನಗಾಗ್ ಇರಲಿಲ್ಲ. ರಬ್ಬಿ ಇರಲಿಲ್ಲ. ಶನಿವಾರದ ಬಿಡುವು, ಎಂಟನೇ ದಿನದ ಸುನ್ನತಿ, ಊಟದ ನಿಯಮ, 'ಶೆಮಾ' ಅನ್ನುವ ಒಂದು ಪ್ರಾರ್ಥನೆ, ಇಷ್ಟು ಕೈಯಲ್ಲಿ ಉಳಿದಿತ್ತು. ಕಟ್ಟಡವಿಲ್ಲದೆಯೂ ಸಭೆ ಇತ್ತು.

ಕಟ್ಟಡ ಬಂದದ್ದರ ಹಿಂದೆ ನಮ್ಮ ಮೈಸೂರಿನ ಯುದ್ಧ ಇದೆ. ಸ್ಯಾಮ್ಯುಯೆಲ್ ಎಜೆಕಿಯೆಲ್ ದಿವೇಕರ್ ಅನ್ನುವವರು ಈಸ್ಟ್ ಇಂಡಿಯಾ ಕಂಪನಿಯ ಸೇನೆಯಲ್ಲಿದ್ದರು. ಎರಡನೇ ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕರು. ಇವರು ಬೆನೆ ಇಸ್ರೇಲ್ ಅಂತ ಕೇಳಿ ಟಿಪ್ಪುವಿನ ತಾಯಿ, "ಇವರ ಹೆಸರು ಕುರಾನಿನಲ್ಲಿ ಬರುತ್ತದೆ, ಕೊಲ್ಲಬೇಡ" ಅಂದರು ಎಂದು ಆ ಸಮುದಾಯದಲ್ಲಿ ಈಗಲೂ ಹೇಳುತ್ತಾರೆ. ಬದುಕಿ ಊರಿಗೆ ಹೋದರೆ ಸಿನಗಾಗ್ ಕಟ್ಟಿಸುತ್ತೇನೆ ಅಂತ ದಿವೇಕರ್ ಹರಕೆ ಹೊತ್ತಿದ್ದರಂತೆ. 1796ರಲ್ಲಿ ಮುಂಬೈಯಲ್ಲಿ ಕಟ್ಟಿಸಿದರು. ಹೆಸರು 'ಶಾರ್ ಹಾರಹಮೀಮ್', ಅಂದರೆ ಕರುಣೆಯ ಬಾಗಿಲು. ಜನ ಅದನ್ನು 'ಜೂನೀ ಮಸೀದಿ' ಅಂದರು, ಹಳೆಯ ಮಸೀದಿ ಅಂತ. ಮುಂಬೈ ಲೋಕಲ್ ರೈಲಿನ ಮಸ್ಜಿದ್ ಸ್ಟೇಷನ್ನಿಗೆ ಹೆಸರು ಬಂದದ್ದು ಈ ಸಿನಗಾಗ್‌ನಿಂದಲೇ ಅನ್ನುತ್ತಾರೆ.

ಅಲ್ಲಿನ ಸಭೆಯನ್ನು ನಡೆಸುವವರ ಹೆಸರುಗಳಲ್ಲೂ ನಮ್ಮ ನೆಲದ್ದು ಸೇರಿಕೊಂಡಿದೆ. ಮುಖ್ಯಸ್ಥ 'ಮುಕಾದಮ್'. ಖಜಾಂಚಿಗೆ ಹೀಬ್ರೂ ಹೆಸರು, 'ಗಬ್ಬಾಯ್'. ಪ್ರಾರ್ಥನೆ ಹಾಡಿ ನಡೆಸುವವರು 'ಹಜಾನ್', ಅದೂ ಹೀಬ್ರೂ ಹೆಸರೇ. ಬೆನೆ ಇಸ್ರೇಲಿಗಳ ಮನೆಯಲ್ಲಿ ಮದುವೆ, ಗೃಹಪ್ರವೇಶ, ಹರಕೆ ತೀರಿಸುವುದು ಏನೇ ಇರಲಿ, 'ಮಲೀದಾ' ಮಾಡುತ್ತಾರೆ. ತಟ್ಟೆಯಲ್ಲಿ ಸಕ್ಕರೆ, ತೆಂಗಿನಕಾಯಿ ತುರಿ ಬೆರೆಸಿದ ಅವಲಕ್ಕಿ, ಸುತ್ತ ಹಣ್ಣು. ಎಲಿಯಾ ಪ್ರವಾದಿಯನ್ನು ನೆನೆದು, ಹರಸಿ, ಹಂಚುತ್ತಾರೆ. ಸುನ್ನತಿಯ ದಿನ ಖಾಲಿ ಕುರ್ಚಿ ಬಿಟ್ಟಿದ್ದು ಇದೇ ಎಲಿಯಾನಿಗೆ.

ಅವರಲ್ಲಿ ಹೆಚ್ಚಿನವರು 1948ರ ನಂತರ ಇಸ್ರೇಲಿಗೆ ಹೋದರು. ಉಳಿದವರು ಕೆಲವು ಸಾವಿರ. ಮಹಾರಾಷ್ಟ್ರ ಸರ್ಕಾರ 2016ರಲ್ಲಿ ಯಹೂದಿಗಳಿಗೆ ಅಲ್ಪಸಂಖ್ಯಾತ ಸ್ಥಾನ ಕೊಟ್ಟಿತು.

## ಸಾವು ಬಂದಾಗ

ಸಭೆ ಯಾಕೆ ಬೇಕು ಅನ್ನುವುದು ನಿಜವಾಗಿ ತಿಳಿಯುವುದು ಇಲ್ಲಿ.

ಯಾರಾದರೂ ತೀರಿಕೊಂಡರೆ 'ಹೆವ್ರಾ ಕದೀಶಾ' ಅನ್ನುವ ಗುಂಪು ಬರುತ್ತದೆ. ಸಭೆಯ ಸದಸ್ಯರೇ ಇವರು. ಗಂಡಸರ ದೇಹವನ್ನು ಗಂಡಸರು, ಹೆಂಗಸರದನ್ನು ಹೆಂಗಸರು ತೊಳೆದು ಬಿಳಿ ಬಟ್ಟೆ ಉಡಿಸುತ್ತಾರೆ. ಬಡವರಿಗೂ ಶ್ರೀಮಂತರಿಗೂ ಒಂದೇ ಥರದ ಸಾದಾ ಬಟ್ಟೆ. ಇದನ್ನು 'ನಿಜವಾದ ದಯೆ' ಅಂತ ಕರೆಯುತ್ತಾರೆ. ಸತ್ತವರು ತಿರುಗಿ ಉಪಕಾರ ಮಾಡಲಾರರು, ಅದಕ್ಕೆ.

ಮಣ್ಣು ಮಾಡಿ ಬಂದ ಮೇಲೆ ಮನೆಯವರು ಏಳು ದಿನ ಹೊರಗೆ ಹೋಗುವುದಿಲ್ಲ. ಇದು 'ಶಿವಾ'. ಹೀಬ್ರೂವಿನಲ್ಲಿ ಏಳು ಅಂತ ಅರ್ಥ, ನಮ್ಮ ಶಿವನಿಗೂ ಇದಕ್ಕೂ ಸಂಬಂಧವಿಲ್ಲ. ತಗ್ಗಿನ ಪೀಠದಲ್ಲಿ ಕೂರುತ್ತಾರೆ. ಮೊದಲ ಊಟ ಸ್ವಂತ ಮನೆಯದ್ದಾಗಬಾರದು, ಬೇರೆಯವರೇ ತರಬೇಕು. ನಮ್ಮಲ್ಲೂ ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಅಕ್ಕಪಕ್ಕದವರು ಅನ್ನ ಸಾರು ತರುತ್ತಾರಲ್ಲ, ಹಾಗೆಯೇ. ಮನೆಯವರು ಸಿನಗಾಗ್‌ಗೆ ಹೋಗಲಾರರು, ಹಾಗಾಗಿ ಸಿನಗಾಗ್ ಮನೆಗೆ ಬರುತ್ತದೆ. ಕದ್ದಿಶ್ ಹೇಳಲು ದಿನಾ ಹತ್ತು ಜನ ಆ ಮನೆಯಲ್ಲಿ ಸೇರುತ್ತಾರೆ.

ಕದ್ದಿಶ್‌ನಲ್ಲಿ ಸಾವಿನ ಮಾತೇ ಇಲ್ಲ. ಸತ್ತವರ ಹೆಸರೂ ಇಲ್ಲ. 'ಅವನ ದೊಡ್ಡ ಹೆಸರು ಇನ್ನೂ ದೊಡ್ಡದಾಗಲಿ' ಅಂತ ದೇವರನ್ನು ಹೊಗಳುವ ಮಾತು. ಭಾಷೆ ಅರಮಾಯಿಕ್, ಆ ಕಾಲದ ಸಾಮಾನ್ಯ ಜನ ಆಡುತ್ತಿದ್ದ ಮಾತು. ದುಃಖದಲ್ಲಿರುವವರು ಎದ್ದು ನಿಂತು ಹೇಳುತ್ತಾರೆ, ಉಳಿದವರು 'ಆಮೆನ್' ಅನ್ನುತ್ತಾರೆ. ಆ ಆಮೆನ್ ಹೇಳಲು ಯಾರಾದರೂ ಇರಲೇಬೇಕು. ಮನಸ್ಸು ಕುಸಿದಿರುವ ಹೊತ್ತಿನಲ್ಲಿ ಒಬ್ಬರೇ ಕೂರದ ಹಾಗೆ ಈ ನಿಯಮ ಮಾಡುತ್ತದೆ. ಇಡೀ ವ್ಯವಸ್ಥೆಯಲ್ಲಿ ನನ್ನನ್ನು ಮುಟ್ಟಿದ ಭಾಗ ಇದು.

ಅಪ್ಪ ಅಮ್ಮನಿಗಾಗಿ ಹನ್ನೊಂದು ತಿಂಗಳು ದಿನಾ ಕದ್ದಿಶ್ ಹೇಳಬೇಕು. ಹನ್ನೆರಡು ಯಾಕಲ್ಲ? ತುಂಬ ಕೆಟ್ಟವರ ವಿಚಾರಣೆ ಮಾತ್ರ ಪೂರ್ತಿ ಹನ್ನೆರಡು ತಿಂಗಳು ನಡೆಯುತ್ತದೆ ಅನ್ನುವ ನಂಬಿಕೆ ಇದೆ. ನಮ್ಮ ಅಪ್ಪ ಅಂಥವರಲ್ಲ ಅಂತ ಮಗ ಒಂದು ತಿಂಗಳು ಮುಂಚೆಯೇ ನಿಲ್ಲಿಸುತ್ತಾನೆ.

ಈ ಹನ್ನೊಂದು ತಿಂಗಳಲ್ಲಿ ಒಂದು ಬದಲಾವಣೆ ಆಗುತ್ತದೆ. ಹದಿಮೂರಕ್ಕೆ ಓದಿ, ಆಮೇಲೆ ಕಾಲೇಜು, ಕೆಲಸ ಅಂತ ಸಭೆ ಬಿಟ್ಟಿದ್ದವರು ನಲವತ್ತು ಐವತ್ತರ ವಯಸ್ಸಿನಲ್ಲಿ ಕದ್ದಿಶ್‌ಗಾಗಿ ಬರುತ್ತಾರೆ. ಅವರ ಪ್ರಾರ್ಥನೆಗಾಗಿ ಒಂಬತ್ತು ಜನ ಚಳಿಯ ಬೆಳಗ್ಗೆ ಹಾಸಿಗೆ ಬಿಟ್ಟು ಎದ್ದು ಬಂದಿರುತ್ತಾರೆ. ಹನ್ನೊಂದು ತಿಂಗಳು ಮುಗಿದ ಮೇಲೆ ಬೇರೆಯವರ ಕದ್ದಿಶ್‌ಗೆ ಹತ್ತನೆಯವರಾಗಿ ಉಳಿದುಬಿಡುವವರು ಎಷ್ಟೋ ಜನ.

ವರ್ಷಕ್ಕೊಮ್ಮೆ ತಿಥಿಯೂ ಇದೆ. 'ಯಾರ್‌ಜೈಟ್' ಅನ್ನುತ್ತಾರೆ. ತಾರೀಕು ಇಂಗ್ಲಿಷ್ ಕ್ಯಾಲೆಂಡರಿನದಲ್ಲ. ಅವರ ಪಂಚಾಂಗವೂ ಚಂದ್ರನ ತಿಂಗಳಿನದು, 19 ವರ್ಷಕ್ಕೆ ಏಳು ಅಧಿಕಮಾಸ ಸೇರಿಸುತ್ತಾರೆ. ಆ ದಿನ ಮನೆಯಲ್ಲಿ 24 ಗಂಟೆ ಉರಿಯುವ ದೀಪ ಹಚ್ಚಿ, ಸಭೆಗೆ ಹೋಗಿ ಕದ್ದಿಶ್ ಹೇಳುತ್ತಾರೆ. ಸಮಾಧಿಗೆ ಹೋದರೆ ಒಂದು ಸಣ್ಣ ಕಲ್ಲು ಇಟ್ಟು ಬರುತ್ತಾರೆ. ಬೆಂಗಳೂರಿನ ಮೈಸೂರು ರಸ್ತೆಯಲ್ಲೂ 1904ರಿಂದ ಯಹೂದಿಗಳ ಒಂದು ಸ್ಮಶಾನ ಇದೆ.

## ಹತ್ತು ಜನ ಸಿಗದಿದ್ದರೆ

ಕೊಚ್ಚಿಯ ಮಟ್ಟಾಂಚೇರಿಗೆ ಪ್ರವಾಸ ಹೋದವರು ಪರದೇಶಿ ಸಿನಗಾಗ್ ನೋಡಿರುತ್ತೀರಿ. 1568ರಲ್ಲಿ ಕಟ್ಟಿದ್ದು. ನೆಲಕ್ಕೆ ಚೀನಾದಿಂದ ಬಂದ ನೀಲಿ-ಬಿಳಿ ಹೆಂಚುಗಳು, ಮೇಲೆ ಗಾಜಿನ ದೀಪಗಳು. 1968ರಲ್ಲಿ ನಾಲ್ಕುನೂರು ವರ್ಷದ ಸಮಾರಂಭಕ್ಕೆ ಇಂದಿರಾ ಗಾಂಧಿ ಬಂದಿದ್ದರು, ಅಂಚೆಚೀಟಿಯೂ ಬಂತು. ಕಟ್ಟಡ ಗಟ್ಟಿಯಾಗಿಯೇ ಇದೆ. ಆದರೆ ಊರಿನ ಯಹೂದಿಗಳೆಲ್ಲ ಸೇರಿದರೂ ಹತ್ತು ಆಗುವುದಿಲ್ಲ. 1950ರ ದಶಕದಲ್ಲಿ ಕೊಚ್ಚಿಯ ಹೆಚ್ಚಿನ ಕುಟುಂಬಗಳು ಇಸ್ರೇಲಿಗೆ ಹೋದವು. ಹೊರಗಿನಿಂದ ಯಹೂದಿ ಪ್ರವಾಸಿಗಳು ಬಂದು ಎಣಿಕೆ ಹತ್ತಾದ ದಿನ ಮಾತ್ರ ಪೂರ್ತಿ ಪ್ರಾರ್ಥನೆ.

ಹೋದವರು ಅಲ್ಲಿ ಸಭೆ ಕಟ್ಟಿಕೊಂಡರು. ನೆಗೆವ್ ಮರುಭೂಮಿಯ ನೆವಾತಿಮ್ ಅನ್ನುವ ಹಳ್ಳಿಯಲ್ಲಿ 1954ರಲ್ಲಿ ಕೊಚ್ಚಿಯವರು ನೆಲೆಸಿದರು. ಅಲ್ಲಿ ಕೊಚ್ಚಿಯ ಮಾದರಿಯ ಸಿನಗಾಗ್ ಇದೆ. ಅಜ್ಜಿಯರು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದ ಮಲಯಾಳಂ ಹಾಡುಗಳೂ ಅವರ ಜೊತೆ ಹೋಗಿವೆ.

## ಕರೆ ಬಂದರೆ

ಒಳಗೆ ಬಿಡ್ತಾರಾ? ಖಂಡಿತ ಬಿಡುತ್ತಾರೆ. ಕರೆದ ಮೇಲೆ ನೀವು ಅತಿಥಿಗಳು. ಗಂಡಸರು ತಲೆಗೆ 'ಕಿಪ್ಪಾ' ಅನ್ನುವ ಸಣ್ಣ ಟೋಪಿ ಹಾಕಬೇಕು, ಬಾಗಿಲಲ್ಲೇ ಬುಟ್ಟಿಯಲ್ಲಿ ಇಟ್ಟಿರುತ್ತಾರೆ. ಹೆಂಗಸರಿಗೆ ಭುಜ ಮುಚ್ಚುವ ಬಟ್ಟೆ, ಸೀರೆಯಾದರೆ ಇನ್ನೂ ಚೆನ್ನ. ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ಕಡೆ ಕೂರುವ ವ್ಯವಸ್ಥೆ ಇದ್ದರೆ ಹಾಗೆಯೇ ಕೂರಿ. ಶಬ್ಬಾತ್ ದಿನ ಮೊಬೈಲ್ ತೆಗೆಯಬೇಡಿ, ಫೋಟೋ ಬೇಡ. ಕಪಾಟಿನ ಬಾಗಿಲು ತೆರೆದಾಗ ಎಲ್ಲರೂ ಏಳುತ್ತಾರೆ, ನೀವೂ ಎದ್ದು ನಿಲ್ಲಿ.

ಉಡುಗೊರೆಯನ್ನು ಸಿನಗಾಗ್‌ಗೆ ಒಯ್ಯಬೇಡಿ, ಸಂಜೆಯ ಊಟದ ಹೊತ್ತಿಗೆ ಅಥವಾ ಮನೆಗೆ ಕೊಡಿ. ದುಡ್ಡಾದರೆ 18ರ ಗುಣಕದಲ್ಲಿ: 36, 54, 72, 180. ಹೀಬ್ರೂ ಅಕ್ಷರಗಳಿಗೆ ಸಂಖ್ಯೆಯ ಬೆಲೆ ಇದೆ. 'ಹಾಯ್' ಅಂದರೆ ಬದುಕು, ಅದರ ಅಕ್ಷರಗಳ ಮೊತ್ತ 18. ನಾವು ಒಂದು ರೂಪಾಯಿ ಸೇರಿಸಿ 101, 501 ಕೊಡುವ ಹಾಗೆ ಅವರಿಗೆ ಇದು.

ಹುಡುಗನಿಗೆ 'ಮಜಲ್ ತೋವ್' ಅನ್ನಿ, ಶುಭವಾಗಲಿ ಅಂತ ಅರ್ಥ. ಎಷ್ಟೋ ಸಭೆಗಳಲ್ಲಿ ಓದಿಗೆ ಮುಂಚೆ ಎಲ್ಲರ ಕೈಗೂ ಒಂದೊಂದು ಮೆತ್ತನೆಯ ಮಿಠಾಯಿ ಕೊಡುತ್ತಾರೆ. ಅದನ್ನು ತಿನ್ನಬೇಡಿ ಅಂತ ತಂಗಿಗೂ ಹೇಳಿದ್ದೇನೆ. ಓದು ಮುಗಿದ ಕೂಡಲೇ ಹುಡುಗನ ಮೇಲೆ ಎಸೆಯುವುದಕ್ಕೆ ಅದು. ಬಿದ್ದಿದ್ದನ್ನು ಹೆಕ್ಕಿಕೊಳ್ಳಲು ಚಿಕ್ಕ ಮಕ್ಕಳು ವೇದಿಕೆಯ ಹತ್ತಿರ ಆಗಲೇ ಕಾಯುತ್ತಿರುತ್ತಾರೆ.